ಎಚ್‌ಐವಿ, ಹೆಪಟೈಟಿಸ್ ಸಿ: ಸೋಂಕಿನ ಜಾಡು ಹಿಡಿಯುವ ಬಗೆ

ಒಂದು ವೈರಾಣು ಸಮುದಾಯವೊಂದರಲ್ಲಿ ಯಾವ ದಾರಿಯಿಂದ ಹರಡುತ್ತಿದೆ ಎಂಬುದನ್ನು ಪತ್ತೆಹಚ್ಚುವುದೇ ಸೋಂಕಿನ ಜಾಡು ಹಿಡಿಯುವ ಕೆಲಸ. ಯಾರಿಂದ ಬಂತು ಎಂಬುದಕ್ಕಿಂತ ಹೇಗೆ ಬಂತು ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಲೈಂಗಿಕ ಕಾರ್ಯಕರ್ತೆಯರು, ಸಲಿಂಗಿ ಪುರುಷರು, ಲಿಂಗತ್ವ ಅಲ್ಪಸಂಖ್ಯಾತರು ಹಾಗೂ ಸೂಜಿಯ ಮೂಲಕ ಮಾದಕ ವಸ್ತು ತೆಗೆದುಕೊಳ್ಳುವವರನ್ನು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮವು ಹೆಚ್ಚಿನ ಅಪಾಯದ ಗುಂಪುಗಳೆಂದು ಗುರುತಿಸಿದೆ. ಲಾರಿ ಚಾಲಕರು ಮತ್ತು ವಲಸೆ ಕಾರ್ಮಿಕರು ಅದರ ದೃಷ್ಟಿಯಲ್ಲಿ ‘ಸೇತು’ ಸಮುದಾಯಗಳು.

ಭಟ್ಕಳ ತಾಲ್ಲೂಕಿನ ಬೆಳಕೆಯಿಂದ ಹೊನ್ನಾವರ, ಕುಮಟಾವರೆಗಿನ ಕರಾವಳಿಗೆ ಈ ಎರಡನೆಯ ಪಟ್ಟಿ ಅಪರಿಚಿತವಲ್ಲ. ರಾಷ್ಟ್ರೀಯ ಹೆದ್ದಾರಿ 66 ಇಲ್ಲಿಯೇ ಹಾದುಹೋಗುತ್ತದೆ. ಗೋವಾ, ಮುಂಬಯಿಗೆ ದುಡಿಯಲು ಹೋಗುವವರಿದ್ದಾರೆ. ಕೊಲ್ಲಿ ರಾಷ್ಟ್ರಗಳಲ್ಲಿ ನೌಕರಿ ಮಾಡುವವರೂ ಇದ್ದಾರೆ. ಕೊಲ್ಲಿಯ ಉದ್ಯೋಗ ವೀಸಾಕ್ಕೆ ಮುನ್ನ ನಡೆಯುವ ವೈದ್ಯಕೀಯ ತಪಾಸಣೆಯಲ್ಲಿ ಎಚ್‌ಐವಿ ಹಾಗೂ ಹೆಪಟೈಟಿಸ್ ಸಿ ಪರೀಕ್ಷೆಗಳು ಸೇರಿವೆ. ಅಲ್ಲಿ ‘ಅನರ್ಹ’ ಎಂದು ಬರೆದರೆ ನೌಕರಿಯ ಕನಸು ಮುಗಿಯಿತು. ಮುಂದೇನು ಎಂಬುದನ್ನು ಆ ಕಾಗದ ಹೇಳುವುದಿಲ್ಲ. ಹೆಪಟೈಟಿಸ್ ಸಿ ತಗುಲಿದವರಲ್ಲಿ ಸುಮಾರು ಕಾಲು ಭಾಗದಷ್ಟು ಜನರ ದೇಹ ವೈರಾಣುವನ್ನು ತಾನಾಗಿಯೇ ಹೊರಹಾಕುತ್ತದೆ. ಆದರೆ ಪ್ರತಿಕಾಯ ರಕ್ತದಲ್ಲಿ ಉಳಿಯುತ್ತದೆ. ಆದ್ದರಿಂದ ಪ್ರತಿಕಾಯ ಕಂಡಮಾತ್ರಕ್ಕೆ ಸೋಂಕು ಈಗಲೂ ಇದೆ ಎಂದಲ್ಲ. ಆರ್‌ಎನ್‌ಎ ಪರೀಕ್ಷೆ ಆಗಲೇಬೇಕು.

ಎರಡು ವೈರಾಣುಗಳ ಸ್ವಭಾವ ಬೇರೆ ಬೇರೆ. ಎಚ್‌ಐವಿ ಲೈಂಗಿಕ ಸಂಪರ್ಕದಿಂದಲೂ ರಕ್ತದಿಂದಲೂ ಹರಡುತ್ತದೆ. ಹೆಪಟೈಟಿಸ್ ಸಿ ಮುಖ್ಯವಾಗಿ ರಕ್ತದಿಂದ ಹರಡುತ್ತದೆ. ಗಂಡು ಹೆಣ್ಣಿನ ಸಂಪರ್ಕದಿಂದ ಹರಡುವುದು ವಿರಳ. ಬಳಸಿದ ಸಿರಿಂಜಿನೊಳಗೆ ಅದು ವಾರಗಟ್ಟಲೆ ಜೀವಂತವಾಗಿರಬಲ್ಲದು. ಹೀಗಾಗಿ ಒಂದೇ ಊರಿನಲ್ಲಿ ಎರಡೂ ಒಟ್ಟಿಗೆ ಕಂಡರೆ ಮೊದಲು ಸಂಶಯಿಸಬೇಕಾದುದು ಸೂಜಿಯನ್ನು, ಜನರ ನಡತೆಯನ್ನಲ್ಲ.

ಕಾಂಬೋಡಿಯಾದ ರೋಕಾದಲ್ಲಿ 2014ರ ಕೊನೆಯಲ್ಲಿ 200ಕ್ಕೂ ಹೆಚ್ಚು ಜನರಲ್ಲಿ ಎಚ್‌ಐವಿ ಪತ್ತೆಯಾಯಿತು. ಅವರಲ್ಲಿ ಮಕ್ಕಳೂ ವೃದ್ಧರೂ ಇದ್ದರು. ಬಹುಮಂದಿಗೆ ಹೆಪಟೈಟಿಸ್ ಸಿ ಕೂಡ ತಗುಲಿತ್ತು. ವೈರಾಣುವಿನ ವಂಶವಾಹಿ ಹೋಲಿಕೆ ಮತ್ತು ವಿಚಾರಣೆ ಎರಡೂ ಅಸುರಕ್ಷಿತ ಚುಚ್ಚುಮದ್ದಿನತ್ತ ಬೆರಳು ತೋರಿದವು. ನಮ್ಮಲ್ಲಿಯೂ, 2018ರ ಆರಂಭದಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯಲ್ಲಿ ಬೆಳಕಿಗೆ ಬಂದ ಪ್ರಕರಣಗಳಲ್ಲಿ ಸೂಜಿಯ ಮರುಬಳಕೆಯ ಆರೋಪ ಕೇಳಿಬಂತು.

ವಂಶವಾಹಿ ಹೋಲಿಕೆಗೆ ಮಿತಿಯುಂಟು. ಇಬ್ಬರ ವೈರಾಣುಗಳು ಹತ್ತಿರದ ಸಂಬಂಧಿಗಳೆಂದು ಅದು ಹೇಳಬಲ್ಲದು. ಯಾರಿಂದ ಯಾರಿಗೆ ಎಂದು ಖಚಿತವಾಗಿ ಹೇಳಲಾರದು, ನಡುವೆ ಮೂರನೆಯವರಿರಬಹುದು. ಇದನ್ನು ಮರೆತು ವರದಿಯನ್ನು ದೋಷಾರೋಪಣ ಪಟ್ಟಿಯಂತೆ ಓದಿದರೆ ಜನ ಪರೀಕ್ಷೆಗೇ ಬರುವುದಿಲ್ಲ.

ಕರ್ನಾಟಕದ ಅನುಭವ ಇದನ್ನೇ ತೋರುತ್ತದೆ. ಎಚ್‌ಐವಿ ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಒಂದೆನಿಸಿದ್ದ ಇಲ್ಲಿ 2003ರಲ್ಲಿ ‘ಆವಾಹನ್’ ಕಾರ್ಯಕ್ರಮ ಆರಂಭವಾಯಿತು; ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಅದರಲ್ಲಿ ದುಡಿಯಿತು. ಸಮುದಾಯದವರೇ ಆದ ಸಹವರ್ತಿ ಶಿಕ್ಷಕಿಯರು ಯಾವ ಸ್ಥಳದಲ್ಲಿ ಎಷ್ಟು ಮಂದಿ ಎಂದು ಲೆಕ್ಕ ಹಾಕಿದರು. ಮುಖಾಮುಖಿ ಹೇಳಲಾಗದ ಉತ್ತರಕ್ಕಾಗಿ ‘ಮತಗಟ್ಟೆ ಸಮೀಕ್ಷೆ’ ನಡೆಯಿತು: ಹೆಸರಿಲ್ಲದ ಚೀಟಿ ಪೆಟ್ಟಿಗೆಗೆ ಬೀಳುತ್ತಿತ್ತು. ಬೆಂಗಳೂರು, ಬೆಳಗಾವಿ, ಬಳ್ಳಾರಿ, ಮೈಸೂರು, ಶಿವಮೊಗ್ಗಗಳಲ್ಲಿ ನಡೆದ ಎರಡು ಸುತ್ತಿನ ಅಧ್ಯಯನದಲ್ಲಿ ಲೈಂಗಿಕ ಕಾರ್ಯಕರ್ತೆಯರ ಎಚ್‌ಐವಿ ಪ್ರಮಾಣ ಶೇ 19.6ರಿಂದ 16.4ಕ್ಕೆ ಇಳಿದಿತ್ತು. ದೊಡ್ಡ ಇಳಿಕೆಯಲ್ಲ, ಆದರೂ ಇಳಿಕೆ.

2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಒಪ್ಪಿಗೆಯಿಲ್ಲದೆ ಪರೀಕ್ಷೆ ನಡೆಸುವುದನ್ನೂ ಸೋಂಕಿನ ಸ್ಥಿತಿಯನ್ನು ಬಹಿರಂಗಪಡಿಸುವುದನ್ನೂ ನಿರ್ಬಂಧಿಸಿದೆ. ಸಂಗಾತಿಗೆ ಅಪಾಯವಿದ್ದಾಗ ವೈದ್ಯರು ಕೆಲವು ಷರತ್ತುಗಳೊಡನೆ ತಿಳಿಸಬಹುದು. ಆದರೆ ತಿಳಿಸಿದರೆ ಸೋಂಕಿತರು, ವಿಶೇಷವಾಗಿ ಮಹಿಳೆಯರು, ಹಿಂಸೆಗೋ ಪರಿತ್ಯಾಗಕ್ಕೋ ಗುರಿಯಾಗುವ ಭೀತಿಯಿದ್ದರೆ ತಿಳಿಸುವಂತಿಲ್ಲ.

ಎಚ್‌ಐವಿಗೆ ಜೀವನಪರ್ಯಂತ ಔಷಧ ಬೇಕು. ಹೆಪಟೈಟಿಸ್ ಸಿ ಹಾಗಲ್ಲ. ಸಾಮಾನ್ಯವಾಗಿ 12 ವಾರಗಳ ಮಾತ್ರೆಗಳಿಂದ ಶೇ 95ರಷ್ಟು ರೋಗಿಗಳು ಗುಣಮುಖರಾಗುತ್ತಾರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಈ ಚಿಕಿತ್ಸೆ ಉಚಿತ. ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಲಭ್ಯ. ಮಾಹಿತಿಗೆ ಶುಲ್ಕರಹಿತ ಸಹಾಯವಾಣಿ 1097.