ಸದನದಲ್ಲಿ ಎಣಿಕೆಯಾಗದ ಬಹುಮತ

ಗುಂಡ್ಲುಪೇಟೆಯ ಪರವಾಸುದೇವ ದೇಗುಲ ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ನೆನಪಿಗೆ ಕಟ್ಟಿಸಿದ್ದು. ಪಟ್ಟವೇರುವ ಮುನ್ನ ಈ ಒಡೆಯರು ಪಕ್ಕದ ಹಂಗಳದಲ್ಲಿ ಕಾವಲಿನಲ್ಲಿ ದಿನ ಕಳೆದವರು. ಆ ದಿನಗಳ ಒಡನಾಡಿ ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ. 1673ರಲ್ಲಿ ಒಡೆಯರಿಗೆ ಸಿಂಹಾಸನ ದೊರೆತಾಗ ಪಂಡಿತನಿಗೆ ಮಂತ್ರಿಪದವಿ ದೊರೆಯಿತು. ಬೊಕ್ಕಸ ತುಂಬಿತು, ಕಂದಾಯ ಏರಿತು, ರೈತರು ತಿರುಗಿಬಿದ್ದರು, ಆ ದಂಗೆಯನ್ನು ರಕ್ತ ಹರಿಸಿ ಅಡಗಿಸಲಾಯಿತು. 1686ರಲ್ಲಿ ಪಂಡಿತ ಕೊಲೆಯಾದ. ಆಳುವವನನ್ನು ನಿಲ್ಲಿಸಿ ಲೆಕ್ಕ ಕೇಳುವ ಸಭೆಯೊಂದು ಆ ನಾಡಿನಲ್ಲಿ ಇರಲಿಲ್ಲ. ಕೇಳಲೇಬೇಕೆಂದವನಿಗೆ ಉಳಿದಿದ್ದದ್ದು ದಂಗೆ, ಇಲ್ಲವೇ ಕತ್ತಿ.

ಅಂಥ ಸಭೆಯ ಮೊದಲ ನೆರಳು ಮೈಸೂರಿನಲ್ಲಿ ಕಾಣಿಸಿಕೊಳ್ಳಲು ಇನ್ನೂರು ವರ್ಷ ಹಿಡಿಯಿತು. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು 144 ಮಂದಿ ಪ್ರತಿನಿಧಿಗಳನ್ನು ಕೂಡಿಸಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ತಾಲ್ಲೂಕು ತಾಲ್ಲೂಕುಗಳಿಂದ ರೈತರೂ ವರ್ತಕರೂ ದಸರೆಯ ಹೊತ್ತಿಗೆ ಮೈಸೂರಿಗೆ ಹೋಗಿ ಕೆರೆ, ರಸ್ತೆ, ಕಂದಾಯದ ಅಹವಾಲು ಹೇಳಿಕೊಳ್ಳುವ ಪದ್ಧತಿ ಬೆಳೆಯಿತು. 1923ರ ಸುಧಾರಣೆಗಳು ಆ ಸಭೆಗೆ ಇನ್ನಷ್ಟು ಬಲ ತುಂಬಿದವು. ಆದರೆ ದಿವಾನರು ಮಹಾರಾಜರ ಆಳು, ಸಭೆಯ ಆಳಲ್ಲ. ಸಭೆ ಪ್ರಶ್ನೆ ಕೇಳಬಹುದಿತ್ತು, ಇಳಿಸುವಂತಿರಲಿಲ್ಲ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು 1941ರಲ್ಲಿ ರಾಜಕೀಯಕ್ಕೆ ಕಾಲಿಟ್ಟದ್ದು ಈ ಸಭೆಯ ಸದಸ್ಯರಾಗಿ. ಕೇಳುವ ಹಕ್ಕಿದ್ದೂ ಇಳಿಸುವ ಹಕ್ಕಿಲ್ಲದ ಸದನದಲ್ಲಿ ಮೊದಲ ಪಾಠ ಕಲಿತ ಮನುಷ್ಯ ಮುಂದೆ ಮುಖ್ಯಮಂತ್ರಿಯಾದರು, ಮತ್ತು ಅವರ ಮೊದಲ ಅವಧಿಯ ಕೊನೆಯಲ್ಲಿ ಸದನದ ಹಕ್ಕಿನ ಪ್ರಶ್ನೆಯೇ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಆ ಕಾಲದುದ್ದಕ್ಕೂ ಕರ್ನಾಟಕ ವಿಧಾನಸಭೆಯ ಸಭಾಧ್ಯಕ್ಷ ಪೀಠದಲ್ಲಿ ಕುಳಿತಿದ್ದವರು ಗುಂಡ್ಲುಪೇಟೆಯ ಶಾಸಕಿ ಕೆ. ಎಸ್. ನಾಗರತ್ನಮ್ಮ.

ನಾಗರತ್ನಮ್ಮನವರು 1957ರಲ್ಲಿ ಗುಂಡ್ಲುಪೇಟೆಯಿಂದ ಗೆದ್ದದ್ದು ಪಕ್ಷೇತರರಾಗಿ. ಕಾಂಗ್ರೆಸ್ಸಿನ ಹೆಸರೇ ಗೆಲುವಿನ ರಹದಾರಿಯಾಗಿದ್ದ ಕಾಲವದು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡದ, ಊಟಿಗೂ ವಯನಾಡಿಗೂ ದಾರಿ ಕವಲೊಡೆಯುವ ಈ ಗಡಿ ತಾಲ್ಲೂಕು ಪಕ್ಷದ ಚಿಹ್ನೆ ಇಲ್ಲದ ಒಬ್ಬ ಹೆಣ್ಣುಮಗಳನ್ನು ಬೆಂಗಳೂರಿಗೆ ಕಳಿಸಿತು. ಒಟ್ಟು ಏಳು ಬಾರಿ ಕಳಿಸಿತು. ಚಾಮರಾಜನಗರ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ, ಎಲ್ಲವೂ ಮೈಸೂರು ಜಿಲ್ಲೆಯೇ. 1972ರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಕಾಂಗ್ರೆಸ್ 216 ಸ್ಥಾನಗಳ ಪೈಕಿ 165 ಗೆದ್ದು ಬಂದಾಗ ಅರಸು ಮಾರ್ಚ್ 20ರಂದು ಮುಖ್ಯಮಂತ್ರಿಯಾದರು. ಅದೇ ತಿಂಗಳು ಸದನ ನಾಗರತ್ನಮ್ಮನವರನ್ನು ಪೀಠಕ್ಕೆ ಆರಿಸಿತು. ಈ ರಾಜ್ಯದ ವಿಧಾನಸಭೆಗೆ ಅವರೇ ಮೊದಲ ಮಹಿಳಾ ಸಭಾಧ್ಯಕ್ಷರು. ಮೈಸೂರು ಎಂಬ ಹೆಸರು ಹೋಗಿ 1973ರ ನವೆಂಬರ್ 1ರಂದು ಕರ್ನಾಟಕ ಎಂಬ ಹೆಸರು ಬಂದದ್ದು ಅವರ ಅವಧಿಯಲ್ಲೇ.

165 ಮಂದಿಯ ಬೆಂಬಲವಿದ್ದ ಸರ್ಕಾರಕ್ಕೆ ಸದನದಲ್ಲಿ ಸೋಲಿನ ಭಯವಿರಲಿಲ್ಲ. ಆ ಬಲವನ್ನು ಅರಸು ಯಾವುದಕ್ಕೆ ಬಳಸಿದರು ಎಂಬುದನ್ನು ಮರೆತು ಅವರ ಕಾಲವನ್ನು ತೂಗುವುದು ಅನ್ಯಾಯ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನೇ ಕಿತ್ತುಹಾಕಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ತುಂಬಿ ತಾಲ್ಲೂಕಿನ ಭೂ ನ್ಯಾಯಮಂಡಳಿಗೆ ಕೊಡಬೇಕಿತ್ತು. ಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು. ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟರು. ವಕೀಲರಿಗೆ ಆಗ ಅಲ್ಲಿ ಪ್ರವೇಶವಿರಲಿಲ್ಲ. ಒಡೆಯನ ಪರ ಕೋಟು ತೊಟ್ಟವರು ವಾದಿಸಿ ಉಳುವವನ ಬಾಯಿ ಕಟ್ಟಿಸುವ ಹಳೆಯ ಆಟ ಅಲ್ಲಿಗೆ ನಿಂತಿತು. ಮಂಡಳಿಯ ತೀರ್ಮಾನದ ಮೇಲೆ ಸಿವಿಲ್ ಕೋರ್ಟಿಗೆ ಹೋಗುವಂತಿರಲಿಲ್ಲ, ಹೈಕೋರ್ಟಿನಲ್ಲಿ ರಿಟ್ ಹಾಕುವುದೊಂದೇ ದಾರಿ. ಹಾವನೂರು ಆಯೋಗ ನೇಮಕವಾದದ್ದು, 1975ರಲ್ಲಿ ಅದು ವರದಿ ಕೊಟ್ಟದ್ದು, ಹಿಂದುಳಿದವರಿಗೆ ಮೀಸಲಾತಿಯ ಬಾಗಿಲು ತೆರೆದದ್ದು ಎಲ್ಲವೂ ಅದೇ ಅವಧಿಯ ಮಾತು. ತಲೆಮಾರುಗಳಿಂದ ತಗ್ಗಿದ್ದ ತಲೆಗಳು ಎದ್ದವು. ಇದು ಕಾರ್ಯಾಂಗದ ಬಲವಿಲ್ಲದೆ ಆಗುವ ಕೆಲಸವಲ್ಲ.

ಆದರೆ ಅಷ್ಟು ಬಲ ಒಂದೆಡೆ ಕೂಡಿದಾಗ ಅದನ್ನು ಪ್ರಶ್ನಿಸುವ ಬಾಯಿಯೂ ಅಷ್ಟೇ ಗಟ್ಟಿಯಾಗಿರಬೇಕು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ನಾಗರತ್ನಮ್ಮನವರ ಸದನದಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದವರು ಹೊಳೆನರಸೀಪುರದ ಎಚ್. ಡಿ. ದೇವೇಗೌಡರು. ಸರ್ಕಾರವನ್ನು ಬಿಡದೆ ಕೆಣಕುತ್ತಿದ್ದ ಆ ನಾಯಕರೇ ಬೆಂಗಳೂರಿನ ಸೆರೆಮನೆ ಸೇರಿದರು. ಪ್ರಶ್ನೆ ಕೇಳಬೇಕಾದವರು ಜೈಲಿನಲ್ಲಿ, ಉತ್ತರ ಹೇಳಬೇಕಾದವರು ಅಧಿಕಾರದಲ್ಲಿ. ಪೀಠದಲ್ಲಿ ಯಾರೇ ಕುಳಿತಿದ್ದರೂ ಅಂಥ ಸದನ ಅರ್ಧ ಸದನವೇ. ಅಷ್ಟರಲ್ಲಿ ಸಂವಿಧಾನದ 42ನೆಯ ತಿದ್ದುಪಡಿ ವಿಧಾನಸಭೆಗಳ ಆಯುಷ್ಯವನ್ನು ಐದರಿಂದ ಆರು ವರ್ಷಕ್ಕೆ ಏರಿಸಿತು. 1977ರ ಮಾರ್ಚಿಗೆ ಮುಗಿಯಬೇಕಿದ್ದ ಸಭೆ ಇನ್ನೊಂದು ವರ್ಷ ಉಳಿಯಿತು. ಈ ಕಥೆಯ ಗಂಟು ಬಿದ್ದದ್ದು ಆ ಹೆಚ್ಚುವರಿ ವರ್ಷದಲ್ಲಿ.

1977ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಕಿತ್ತೊಗೆಯಿತು. ಕರ್ನಾಟಕ ಮಾತ್ರ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ಚಾಮರಾಜನಗರದಿಂದ ಬಿ. ರಾಚಯ್ಯ ಗೆದ್ದರು. ದೆಹಲಿಯಲ್ಲಿ ಮೊರಾರ್ಜಿ ದೇಸಾಯಿಯವರ ಜನತಾ ಸರ್ಕಾರ ಬಂತು. ಅದು ಏಪ್ರಿಲ್ 30ರಂದು ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಿತು. ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ, ಏಕೆಂದರೆ ಇಲ್ಲಿ ಜನ ಕಾಂಗ್ರೆಸ್ಸನ್ನು ತಿರಸ್ಕರಿಸಿದ್ದರೆಂದು ಹೇಳುವಂತಿರಲಿಲ್ಲ. ಹಾಗಾಗಿ ಅರಸು ಅವರ ಮೇಲೆ ಬಂದದ್ದು ಬೇರೆ ಅಸ್ತ್ರ.

ರಾಜ್ಯದ ವಿರೋಧ ಪಕ್ಷಗಳ ಕೆಲವು ಶಾಸಕರು ಮುಖ್ಯಮಂತ್ರಿಯ ಮೇಲೆ ಭ್ರಷ್ಟಾಚಾರ, ಸ್ವಜನಪಕ್ಷಪಾತದ ಆರೋಪಗಳ ಮನವಿಯನ್ನು ಕೇಂದ್ರಕ್ಕೆ ಒಪ್ಪಿಸಿದರು. ಗೃಹಮಂತ್ರಿ ಚರಣ್ ಸಿಂಗ್ ಏಪ್ರಿಲ್‌ನಲ್ಲಿ ಅರಸು ಅವರಿಗೆ ಪತ್ರ ಬರೆದು ಉತ್ತರ ಕೇಳಿದರು. ಮೇ ತಿಂಗಳ ಐದಾರು ದಿನಗಳ ಚತುರಂಗ ನೋಡಬೇಕು. ಮೇ 18ರಂದು ರಾಜ್ಯ ಸರ್ಕಾರ ತಾನೇ ಒಂದು ವಿಚಾರಣಾ ಆಯೋಗ ನೇಮಿಸಿತು. ವಿಚಾರಣಾ ಆಯೋಗಗಳ ಕಾಯ್ದೆಯ 3ನೆಯ ಸೆಕ್ಷನ್ ಪ್ರಕಾರ ಒಂದು ವಿಷಯದ ಮೇಲೆ ರಾಜ್ಯ ಆಯೋಗ ನೇಮಿಸಿದ್ದರೆ ಅದೇ ವಿಷಯದ ಮೇಲೆ ಕೇಂದ್ರ ಇನ್ನೊಂದನ್ನು ನೇಮಿಸುವಂತಿಲ್ಲ. ಬಾಗಿಲಿಗೆ ಅಗುಳಿ ಬಿದ್ದಂತಾಯಿತು. ಆದರೆ ಮೇ 23ರಂದು ಕೇಂದ್ರ ನಿವೃತ್ತ ನ್ಯಾಯಮೂರ್ತಿ ಎ. ಎನ್. ಗ್ರೋವರ್ ಅವರ ಆಯೋಗ ನೇಮಿಸಿ, ರಾಜ್ಯದ ಆಯೋಗದ ವ್ಯಾಪ್ತಿಗೆ ಬಾರದ ಮಟ್ಟಿಗೆ ಮಾತ್ರ ಎಂದು ಅಧಿಸೂಚನೆಯಲ್ಲೇ ಬರೆಯಿತು. ಅಕ್ರಮಗಳು ನಡೆದಿವೆಯೇ ಎಂಬುದು ರಾಜ್ಯದ ಆಯೋಗದ ಪ್ರಶ್ನೆ. ಮುಖ್ಯಮಂತ್ರಿ ತಾವೇ ಭ್ರಷ್ಟಾಚಾರ, ಪಕ್ಷಪಾತ ಎಸಗಿದ್ದಾರೆಯೇ ಎಂಬುದು ಕೇಂದ್ರದ್ದು. ಈ ಗ್ರೋವರ್ 1973ರಲ್ಲಿ ಇಂದಿರಾ ಸರ್ಕಾರ ಹಿರಿತನ ಮೀರಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟ ಮೂವರಲ್ಲಿ ಒಬ್ಬರು.

ರಾಜ್ಯ ಸರ್ಕಾರ ಸಂವಿಧಾನದ 131ನೆಯ ವಿಧಿಯಂತೆ ನೇರವಾಗಿ ಸುಪ್ರೀಂ ಕೋರ್ಟಿನಲ್ಲಿ ಕೇಂದ್ರದ ಮೇಲೆ ದಾವೆ ಹೂಡಿತು. ಅದರ ವಾದದ ತಿರುಳು ಇಷ್ಟು: 164ನೆಯ ವಿಧಿಯಂತೆ ಮಂತ್ರಿಮಂಡಲ ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆ. ರಾಜ್ಯದ ಮಂತ್ರಿ ರಾಜ್ಯದ ಆಡಳಿತದಲ್ಲಿ ಏನು ಮಾಡಿದ ಎಂದು ಕೇಳುವ ಅಧಿಕಾರ ಆ ಸದನದ್ದು. ದೆಹಲಿ ನಡುವೆ ಬಂದರೆ ಒಕ್ಕೂಟವೇ ಸಡಿಲವಾಗುತ್ತದೆ. ಏಳು ನ್ಯಾಯಮೂರ್ತಿಗಳ ಪೀಠ 1977ರ ನವೆಂಬರ್ 8ರಂದು ಬಹುಮತದಿಂದ ದಾವೆಯನ್ನು ವಜಾ ಮಾಡಿತು. ಸದನಕ್ಕೆ ಹೊಣೆ ಎಂಬುದು ರಾಜಕೀಯ ಹೊಣೆ, ಸತ್ಯಾಂಶ ಹುಡುಕುವ ಆಯೋಗ ಅದನ್ನು ಕಸಿದುಕೊಳ್ಳುವುದಿಲ್ಲ ಎಂಬುದು ಮುಖ್ಯ ನ್ಯಾಯಮೂರ್ತಿ ಬೇಗ್ ಅವರ ನಿಲುವು. ನ್ಯಾಯಮೂರ್ತಿ ಕೈಲಾಸಂ ಭಿನ್ನಮತ ಬರೆದರು.

ಈ ಎರಡೂ ವಾದಗಳನ್ನು ಓದಿದಾಗ ನನಗೆ ನ್ಯಾಯಾಲಯದ ಬಹುಮತವೇ ಸರಿ ಎನ್ನಿಸುತ್ತದೆ. ಸಂಖ್ಯಾಬಲ ಬೆನ್ನಿಗಿರುವ ಮುಖ್ಯಮಂತ್ರಿಯನ್ನು ಅವರದೇ ಶಾಸಕರು ವಿಚಾರಣೆಗೆ ಗುರಿಮಾಡುತ್ತಾರೆಂದು ನಂಬುವುದು ಕಷ್ಟ. ವಿರೋಧ ಪಕ್ಷದ ನಾಯಕನನ್ನು ಜೈಲಿಗೆ ಕಳಿಸಿದ ಅವಧಿಯ ಸರ್ಕಾರ ಸದನದ ಹಕ್ಕನ್ನು ಗುರಾಣಿ ಮಾಡಿಕೊಂಡದ್ದು ನೋವಿನ ಸಂಗತಿ. ಆದರೂ ಆ ವಾದದೊಳಗಿನ ಒಂದು ಮಾತು ಗಟ್ಟಿಯಾದದ್ದು: ಮಂತ್ರಿಮಂಡಲ ಉಳಿಯಬೇಕೋ ಹೋಗಬೇಕೋ ಎಂಬುದನ್ನು ವಿಧಾನಸಭೆಯೇ ಹೇಳಬೇಕು. ತೀರ್ಪು ಬಂದು ಎರಡು ತಿಂಗಳು ತುಂಬುವ ಮೊದಲೇ ಈ ಮಾತಿಗೆ ದೆಹಲಿಯಿಂದಲೇ ಪೆಟ್ಟು ಬಿತ್ತು.

ಆ ಡಿಸೆಂಬರಿನಲ್ಲಿ ಕಾಂಗ್ರೆಸ್ ಒಡೆಯುತ್ತಿತ್ತು. ಒಂದು ಕಡೆ ಇಂದಿರಾ ಗಾಂಧಿ, ಇನ್ನೊಂದು ಕಡೆ ಬ್ರಹ್ಮಾನಂದ ರೆಡ್ಡಿ. ಅರಸು ಇಂದಿರಾ ಪಾಳಯದಲ್ಲಿ ನಿಂತರೆ ಪ್ರದೇಶ ಕಾಂಗ್ರೆಸ್ ಅಧ್ಯಕ್ಷ ಕೆ. ಎಚ್. ಪಾಟೀಲರು ಎದುರು ನಿಂತರು. ಶಾಸಕರು ಇತ್ತ ಎಷ್ಟು, ಅತ್ತ ಎಷ್ಟು ಎಂಬ ಲೆಕ್ಕ ರಾಜಧಾನಿಯ ಪಡಸಾಲೆಗಳಲ್ಲಿ ನಡೆಯಿತು. ಈ ಲೆಕ್ಕಕ್ಕೆ ಸಂವಿಧಾನದಲ್ಲಿ ಒಂದು ಜಾಗವಿದೆ. ವಿಧಾನಸೌಧದ ಸಭಾಂಗಣದಲ್ಲಿ ಸದಸ್ಯರು ಕೂರುತ್ತಾರೆ. ನಿರ್ಣಯವನ್ನು ಸಭಾಧ್ಯಕ್ಷರು ಮತಕ್ಕೆ ಹಾಕುತ್ತಾರೆ. ಹೌದು ಎನ್ನುವವರು, ಇಲ್ಲ ಎನ್ನುವವರು ಎಲ್ಲರ ಕಣ್ಣೆದುರು ಎಣಿಕೆಯಾಗುತ್ತಾರೆ. ಸಭಾಧ್ಯಕ್ಷರಿಗೆ ಮೊದಲ ಮತವಿಲ್ಲ. ಎರಡೂ ಕಡೆ ಸಮ ಬಂದರೆ ಮಾತ್ರ 189ನೆಯ ವಿಧಿ ಅವರಿಗೆ ನಿರ್ಣಾಯಕ ಮತ ಕೊಡುತ್ತದೆ. ಗುಂಡ್ಲುಪೇಟೆಯ ಶಾಸಕಿ ಆ ಎಣಿಕೆ ನಡೆಸಬೇಕಿತ್ತು.

ಆ ಎಣಿಕೆ ನಡೆಯಲಿಲ್ಲ. ರಾಜ್ಯಪಾಲ ಗೋವಿಂದ ನಾರಾಯಣ್ ಅವರ ವರದಿಯ ಮೇಲೆ 1977ರ ಡಿಸೆಂಬರ್ 31ರಂದು 356ನೆಯ ವಿಧಿಯಂತೆ ರಾಷ್ಟ್ರಪತಿ ಆಳ್ವಿಕೆ ಜಾರಿಯಾಯಿತು. ಮಂತ್ರಿಮಂಡಲ ಹೋಯಿತು, ವಿಧಾನಸಭೆಯೂ ವಿಸರ್ಜನೆಯಾಯಿತು. ಬಹುಮತ ಇತ್ತೇ, ಇರಲಿಲ್ಲವೇ ಎಂಬುದನ್ನು ಸದನ ಹೇಳಲೇ ಇಲ್ಲ. ಆರನೆಯ ವರ್ಷ ಮುಗಿಯಲು ಉಳಿದಿದ್ದದ್ದು ಮೂರು ತಿಂಗಳಷ್ಟೇ. ಅಷ್ಟು ಕಡಿಮೆ ಆಯುಷ್ಯದ ಸಭೆಯನ್ನೂ ಕೊನೆಯ ಬಾರಿ ಒಟ್ಟುಗೂಡಲು ಬಿಡದೆ ಮುಗಿಸಿದ್ದನ್ನು ನಾನು ಒಪ್ಪಲಾರೆ. ಅರಸು ತಪ್ಪು ಮಾಡಿದ್ದರೆ ಗ್ರೋವರ್ ಆಯೋಗ ಕಣ್ಣೆದುರೇ ಇತ್ತು. ಸಂಖ್ಯೆ ಕಳೆದುಕೊಂಡಿದ್ದರೆ ಸಭಾಂಗಣ ಇತ್ತು.

ಅಂದಿಗೂ ನಾಗರತ್ನಮ್ಮನವರ ಸ್ಥಾನ ಹೋಗಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. 179ನೆಯ ವಿಧಿ ಸಭೆ ವಿಸರ್ಜನೆಯಾದರೂ ಹೊಸ ಸಭೆಯ ಮೊದಲ ಬೈಠಕ್ಕಿನ ತನಕ ಸಭಾಧ್ಯಕ್ಷರನ್ನು ಉಳಿಸುತ್ತದೆ. ಮುಖ್ಯಮಂತ್ರಿ ಇಲ್ಲ, ಮಂತ್ರಿಗಳಿಲ್ಲ, ಶಾಸಕರೆಲ್ಲ ಮಾಜಿಗಳು. ಆಡಳಿತ ರಾಜಭವನದಲ್ಲಿ. ವಿಧಾನಸಭೆ ಎಂಬ ಸಂಸ್ಥೆಯ ಕುರುಹಾಗಿ ಉಳಿದವರು ಗುಂಡ್ಲುಪೇಟೆಯ ಈ ಹಿರಿಯರು ಒಬ್ಬರೇ. 1978ರ ಮಾರ್ಚ್‌ವರೆಗೆ ಅವರು ಆ ಸ್ಥಾನದಲ್ಲಿದ್ದರು.

ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. ಇಂದಿರಾ ಕಾಂಗ್ರೆಸ್ 224ರಲ್ಲಿ 149 ಗೆದ್ದು, 28ರಂದು ಅರಸು ಮತ್ತೆ ಪ್ರಮಾಣವಚನ ಸ್ವೀಕರಿಸಿದರು. ದೆಹಲಿ ಕಿತ್ತದ್ದನ್ನು ಜನ ಎರಡೇ ತಿಂಗಳಲ್ಲಿ ಮರಳಿ ಕೊಟ್ಟರು. ಗುಂಡ್ಲುಪೇಟೆ ಮಾತ್ರ ಆ ಸಲ ಬೇರೆಯವರನ್ನು ಆರಿಸಿತು. ಹೊಸ ಸದನಕ್ಕೆ ಪಿ. ವೆಂಕಟರಮಣ ಸಭಾಧ್ಯಕ್ಷರಾದರು. ಮುಂದೆ ಅರಸು ಇಂದಿರಾ ಅವರಿಂದ ದೂರವಾದರು. 1980ರ ಜನವರಿಯ ಲೋಕಸಭಾ ಫಲಿತಾಂಶದ ಬೆನ್ನಿಗೆ ಅವರ ಶಾಸಕರು ಸಾಲುಸಾಲಾಗಿ ಪಕ್ಷ ಬದಲಿಸಿದಾಗ ರಾಜೀನಾಮೆ ಕೊಟ್ಟು ಹೊರನಡೆದರು. 1982ರ ಜೂನ್ 6ರಂದು ತೀರಿಕೊಂಡರು.

1983ರಲ್ಲಿ ಗುಂಡ್ಲುಪೇಟೆ ನಾಗರತ್ನಮ್ಮನವರನ್ನು ಮರಳಿ ಕರೆಸಿಕೊಂಡಿತು, 1985ರಲ್ಲಿ ಮತ್ತೆ ಕಳಿಸಿತು. ಆ ಸದನದಲ್ಲಿ ಅವರು ಸದಸ್ಯರಾಗಿದ್ದಾಗಲೇ 1989ರ ಏಪ್ರಿಲ್ ಬಂತು. ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿ ಏಪ್ರಿಲ್ 27ರಂದು ಸದನ ಕರೆದು ಬಹುಮತ ತೋರಿಸುತ್ತೇನೆ ಎಂದರು. ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಒಪ್ಪಲಿಲ್ಲ. 21ರಂದೇ ಸರ್ಕಾರವೂ ಸಭೆಯೂ ಹೋದವು. ಈ ಬಾರಿ ದೆಹಲಿಯಲ್ಲಿದ್ದದ್ದು ಕಾಂಗ್ರೆಸ್, ಇಲ್ಲಿ ಉರುಳಿದ್ದು ಜನತಾ ದಳ. ಬೊಮ್ಮಾಯಿ ಮೊದಲು ಹೈಕೋರ್ಟಿಗೆ, ಅಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಮಂತ್ರಿಮಂಡಲದ ಬಹುಮತ ಪರೀಕ್ಷೆಯಾಗಬೇಕಾದದ್ದು ಸದನದಲ್ಲಿ, ರಾಜ್ಯಪಾಲರ ಸ್ವಂತ ಅಭಿಪ್ರಾಯದಲ್ಲಲ್ಲ ಎಂದು ಹೇಳಿತು. ಬೊಮ್ಮಾಯಿ ಸರ್ಕಾರದ ವಜಾ ಸಂವಿಧಾನಬಾಹಿರ ಎಂದೂ ಹೇಳಿತು. ಆ ತೀರ್ಪು ಬರುವ ಹೊತ್ತಿಗೆ ಅರಸು ಇರಲಿಲ್ಲ, ನಾಗರತ್ನಮ್ಮನವರೂ ಇರಲಿಲ್ಲ.