ಪಡುವಣ ಕಡಲಿನ ಕುದುರೆಗಳು

ಸಿರುಗುಪ್ಪದ ಮಗ್ಗುಲಲ್ಲಿ ಹರಿಯುವ ತುಂಗಭದ್ರೆ ಕೃಷ್ಣೆಯನ್ನು ಕೂಡಿ ಮೂಡಣ ಕಡಲನ್ನು ಸೇರುತ್ತಾಳೆ. ಆದರೆ ನಮ್ಮ ಬಳ್ಳಾರಿ ಸೀಮೆಯ ಚರಿತ್ರೆಗೆ ಹೆಚ್ಚಿನ ನಂಟು ಪಡುವಣ ಕಡಲಿನದು. ಕಲ್ಲು, ಕೋಟೆ, ಬಿಸಿಲುಗಳ ನಾಡಿನವರಾದ ನಾವು ಇದನ್ನು ಮರೆತಿದ್ದೇವೆ. ಕುರುಗೋಡಿನ ಬೆಟ್ಟವನ್ನೂ ಹಂಪೆಯ ಬೀಡನ್ನೂ ಕಂಡವರು ಒಮ್ಮೆ ಭಟ್ಕಳವನ್ನೂ ಕಾಣಬೇಕು.

ಕಳೆದ ದಸರೆಯ ರಜೆಯಲ್ಲಿ ನಾವು ದಂಪತಿಗಳು ಅಲ್ಲಿಗೆ ಹೋಗಿದ್ದೆವು. ಹುಬ್ಬಳ್ಳಿಯವರೆಗೆ ರೈಲು, ಮುಂದೆ ಬಸ್ಸಿನಲ್ಲಿ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲೆ, ಕುಮಟೆ, ಹೊನ್ನಾವರಗಳನ್ನು ದಾಟಿದೆವು. ಭಟ್ಕಳದಲ್ಲಿ ಕೇತಪೈ ನಾರಾಯಣ ದೇವಾಲಯದ ಶಿಲ್ಪಗಳನ್ನೂ ಜಟ್ಟಪ್ಪ ನಾಯಕನ ಬಸದಿಯನ್ನೂ ನೋಡಿಕೊಂಡು ಶರಾಬಿ ಹೊಳೆಯ ಅಳಿವೆಗೆ ಬಂದಾಗ ಸಂಜೆಯಾಗಿತ್ತು. ಮೀನುದೋಣಿಗಳನ್ನು ನೋಡುತ್ತ ಸಿರುಗುಪ್ಪದ ಮಗಳಾದ ನನ್ನಾಕೆ ಕೇಳಿದಳು: “ಏನ್ರೀ, ಅಷ್ಟೊಂದು ಕುದುರಿ ಇಷ್ಟು ಸಣ್ಣ ಹೊಳಿಬಾಯಾಗ ಹೆಂಗ ಇಳದಾವು?”

ಪ್ರಶ್ನೆ ಉಚಿತವಾದುದೇ. ಕುದುರೆಗಳು ಭಟ್ಕಳವೊಂದರಲ್ಲಿಯೇ ಇಳಿಯಲಿಲ್ಲ. ಕರಾವಳಿಯ ಬೇರೆ ರೇವುಗಳಿಗೂ ಬಂದವು. ಅರಬಸ್ತಾನ, ಪಾರಸಿಕ ದೇಶಗಳ ಅಶ್ವಗಳು ಹೊರ್ಮುಜಿನಲ್ಲಿ ಹಡಗೇರಿ ಬರುತ್ತಿದ್ದವು. ಹಿಂದಿರುಗುವ ಹಡಗುಗಳು ನಮ್ಮ ನಾಡಿನ ಅಕ್ಕಿ, ಸಕ್ಕರೆ, ಕಬ್ಬಿಣಗಳನ್ನು ಒಯ್ಯುತ್ತಿದ್ದವು. ಭಟ್ಕಳಕ್ಕೂ ವಿಜಯನಗರಕ್ಕೂ ನಡುವೆ ಹೇರಿನ ಎತ್ತುಗಳ ಸಾಲೇ ಇರುತ್ತಿತ್ತು. ರಾಯರು ವರ್ಷಕ್ಕೆ 13,000 ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದರೆಂದು ಪೋರ್ಚುಗೀಸನಾದ ನೂನಿಜ್ ಬರೆದಿದ್ದಾನೆ.

ಅವನೇ ಹೇಳುವ ಇನ್ನೊಂದು ಸಂಗತಿ ಸ್ವಾರಸ್ಯವಾದುದು. ಸಾಳುವ ನರಸಿಂಹನು ದಾರಿಯಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ಕಡಲಿನಲ್ಲಿ ಸತ್ತುದರ ಬಾಲವನ್ನು ತಂದು ತೋರಿಸಿದರೆ ಸಾಕು. “ಬಾಲಕ್ಕ ರೊಕ್ಕ ಕೊಟ್ಟ ದೊರಿ ಶಾಣ್ಯಾನೋ, ದಡ್ಡನೋ?” ಎಂದಳು ನನ್ನಾಕೆ. ಶಾಣ್ಯಾನೇ ಸರಿ. ನಷ್ಟದ ಭಯವಿಲ್ಲದ ವರ್ತಕನು ಶತ್ರುವಿನ ರೇವನ್ನು ಹುಡುಕಿಕೊಂಡು ಹೋಗುವುದಿಲ್ಲವಷ್ಟೆ?

1510ರಲ್ಲಿ ಗೋವೆಯು ಪೋರ್ಚುಗೀಸರ ವಶವಾದ ಮೇಲೆ ಕುದುರೆಯ ವ್ಯಾಪಾರವು ಅವರ ಕೈಸೇರತೊಡಗಿತು. ಕೃಷ್ಣದೇವರಾಯನು ಕುದುರೆ ಕೊಳ್ಳಲೆಂದು 40,000 ಪರ್ದಾವುಗಳನ್ನು ಕೊಟ್ಟು ಸಿದಿ ಮರ್ಕಾರನೆಂಬವನನ್ನು ಗೋವೆಗೆ ಕಳುಹಿದನು. ಅವನು ಹಣದೊಡನೆ ಆದಿಲ್‌ಶಾಹನ ಆಶ್ರಯಕ್ಕೆ ಓಡಿದನು. ಅವನನ್ನು ಒಪ್ಪಿಸದಿದ್ದುದೇ 1520ರ ರಾಯಚೂರು ಯುದ್ಧಕ್ಕೆ ನೆಪವಾಯಿತೆಂದು ನೂನಿಜ್ ಹೇಳುತ್ತಾನೆ. ಸಿರುಗುಪ್ಪದ ಹೊಳೆಯಾಚೆಯ ಸೀಮೆಯಲ್ಲಿ ನಡೆದ ಆ ಕಾಳಗದ ಕಿಡಿ ಹೊತ್ತಿದ್ದು ಕಡಲ ಕರೆಯಲ್ಲಿ! ರೇವುಗಳನ್ನು ವೃದ್ಧಿಪಡಿಸಬೇಕು, ದೂರದೇಶದ ಆನೆ ಕುದುರೆಗಳ ವರ್ತಕರನ್ನು ಆದರಿಸಬೇಕು ಎಂದು ರಾಯನು ತನ್ನ ತೆಲುಗು ಕೃತಿಯಾದ ‘ಆಮುಕ್ತಮಾಲ್ಯದ’ದಲ್ಲಿ ಬೋಧಿಸಿದ್ದಾನೆ. ಆ ಮಾತಿನ ಹಿಂದೆ ಇಂತಹ ಅನುಭವವಿತ್ತು.

ಈ ನೀತಿ ಹಳೆಯದಾಯಿತೆನ್ನಬಹುದೆ? ಅಂಕೋಲೆಯ ಬಳಿಯ ಬೇಲೆಕೇರಿಯನ್ನು ನೆನೆಯಿರಿ. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಜಿಲ್ಲೆಯ ಅದಿರು ಲಾರಿಗಳಲ್ಲಿ ಘಟ್ಟವಿಳಿದು ಅಲ್ಲಿ ಹಡಗೇರುತ್ತಿತ್ತು. 2010ರಲ್ಲಿ ಜಪ್ತಿಯಾಗಿ ಬಿದ್ದಿದ್ದ ಲಕ್ಷಗಟ್ಟಲೆ ಟನ್ ಅದಿರೇ ಆ ಬಂದರಿನಿಂದ ಮಾಯವಾಯಿತು. ರಾಯನ ಹಣ ಒಬ್ಬನೊಡನೆ ಓಡಿತು. ನಮ್ಮ ಬೆಟ್ಟದ ಮಣ್ಣು ಎಲ್ಲರ ಕಣ್ಣೆದುರಿನಲ್ಲಿಯೇ ಹೋಯಿತು. ರಾಯನು ತನ್ನ ಹಣಕ್ಕೆ ಲೆಕ್ಕ ಕೇಳಿದನೆಂಬುದನ್ನು ನಾವು ಮರೆಯಬಾರದು.

ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆ ಹಿಡಿದು ಬರುವ ಪರದೇಶಿಗಳನ್ನು ಕೆತ್ತಿದ್ದಾರೆ. ಮಕ್ಕಳಿಗೆ ಅದನ್ನು ತೋರಿಸುವವರು, ಆ ಕುದುರೆಗಳು ಯಾವ ನೀರು ದಾಟಿ, ಯಾವ ಘಟ್ಟವೇರಿ ಬಂದವೆಂಬುದನ್ನೂ ತಿಳಿಸಬೇಕು. ಸಾಧ್ಯವಾದರೆ ಆ ನೀರನ್ನೇ ತೋರಿಸಿಕೊಂಡು ಬರಬೇಕು. ಬಳ್ಳಾರಿಯಿಂದ ಅದು ಒಂದು ಹಗಲಿನ ದಾರಿ.