ಭೋಜನಾಲಯವೂ ಆಹಾರದ ಅಲರ್ಜಿಯೂ: ತಿಳಿಸುವ ಹೊಣೆಯ ಇತಿಹಾಸ

ಮನೆಯ ಹೊರಗೆ ಉಣ್ಣುವವನು ತಾನು ಕಾಣದ ಅಡುಗೆಮನೆಯನ್ನು ನಂಬಿ ಉಣ್ಣುತ್ತಾನೆ. ತನ್ನ ಮುಂದೆ ಬಂದ ಪದಾರ್ಥದಲ್ಲಿ ಏನೇನು ಸೇರಿದೆಯೆಂಬುದು ಅವನಿಗೆ ತಿಳಿಯದು. ತಿಳಿಯದಿದ್ದರೂ ಬಹುಮಂದಿಗೆ ಅದರಿಂದ ಹಾನಿಯಿಲ್ಲ. ಆದರೆ ಕೆಲವರ ಶರೀರಕ್ಕೆ ಕಡಲೆಕಾಯಿ, ಎಳ್ಳು, ಹಾಲು, ಮೀನು ಮೊದಲಾದ ನಿತ್ಯದ ಆಹಾರಗಳಲ್ಲಿ ಯಾವುದೋ ಒಂದು ಒಗ್ಗುವುದೇ ಇಲ್ಲ. ಅದರ ಅತ್ಯಲ್ಪ ಅಂಶವೂ ಕೆಲವೇ ನಿಮಿಷಗಳಲ್ಲಿ ಗಂಟಲನ್ನು ಊದಿಸಿ, ಉಸಿರು ಕಟ್ಟಿಸಿ, ರಕ್ತದ ಒತ್ತಡವನ್ನು ಕುಸಿಯುವಂತೆ ಮಾಡಿ ಪ್ರಾಣಕ್ಕೇ ಎರವಾಗಬಹುದು. ಇಂಥವರು ಹೊರಗೆ ಉಣ್ಣಬೇಕಾದಾಗ, ಪಾತ್ರೆಯಲ್ಲಿರುವುದನ್ನು ಕೇಳಿ ತಿಳಿಯುವುದು ಉಣ್ಣುವವನ ಕರ್ತವ್ಯವೇ, ಕೇಳುವ ಮೊದಲೇ ತಿಳಿಸುವುದು ಬಡಿಸುವವನ ಕರ್ತವ್ಯವೇ? ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಮುಖ್ಯವಾಗಿ ಇಂಗ್ಲೆಂಡಿನ ಅನುಭವದ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ದೇಶದಲ್ಲಿ ನ್ಯಾಯಾಲಯಗಳೂ ಮರಣವಿಚಾರಣೆಯ ಅಧಿಕಾರಿಗಳೂ ಈ ವಿಷಯವನ್ನು ಬಹಿರಂಗವಾಗಿ ಶೋಧಿಸಿರುವುದರಿಂದ, ಕಾಯಿದೆಯ ಬೆಳವಣಿಗೆಯನ್ನು ಹೆಜ್ಜೆ ಹೆಜ್ಜೆಯಾಗಿ ಗುರುತಿಸುವುದು ಸಾಧ್ಯವಾಗಿದೆ.

೧. ಕಲಬೆರಕೆಯ ಕಾಯಿದೆಗಳು

ಆಹಾರವನ್ನು ಕುರಿತ ರಾಜಶಾಸನಗಳು ಇಂಗ್ಲೆಂಡಿನಲ್ಲಿ ಬಹಳ ಹಳೆಯವು. ೧೩ನೆಯ ಶತಮಾನದ ಶಾಸನವೊಂದು ರೊಟ್ಟಿಯ ತೂಕವನ್ನೂ ಬೆಲೆಯನ್ನೂ ಕಟ್ಟುಮಾಡಿತ್ತು. ಆದರೆ ಆಹಾರದಲ್ಲಿ ಏನು ಬೆರೆತಿದೆಯೆಂಬ ಪ್ರಶ್ನೆ ಬಲವಾಗಿ ಎದ್ದುದು ೧೯ನೆಯ ಶತಮಾನದಲ್ಲಿ, ನಗರಗಳು ಬೆಳೆದು ಜನರು ಅಪರಿಚಿತರ ಕೈಯಿಂದ ಕೊಂಡು ತಿನ್ನತೊಡಗಿದಾಗ. ೧೮೨೦ರಲ್ಲಿ ಫ್ರೆಡರಿಕ್ ಆಕಮ್ ಎಂಬ ರಸಾಯನಶಾಸ್ತ್ರಜ್ಞನು ಕಲಬೆರಕೆಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ೧೮೫೦ರ ದಶಕದ ಮೊದಲ ವರ್ಷಗಳಲ್ಲಿ ವೈದ್ಯನಾದ ಆರ್ಥರ್ ಹಿಲ್ ಹ್ಯಾಸಲ್ ಅಂಗಡಿಗಳಿಂದ ತಂದ ಪದಾರ್ಥಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದನು; ಫಲಿತಾಂಶಗಳು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾದವು. ೧೮೫೮ರಲ್ಲಿ ಬ್ರಾಡ್‌ಫರ್ಡ್ ನಗರದಲ್ಲಿ ಮಿಠಾಯಿಗೆ ಅಗ್ಗದ ಪುಡಿಯೊಂದನ್ನು ಬೆರೆಸಹೋದವರು ತಪ್ಪಿ ಪಾಷಾಣವನ್ನು ಬೆರೆಸಿದ ಕಾರಣ ಸುಮಾರು ೨೦ ಜನ ಸತ್ತರು. ೧೮೬೦ರಲ್ಲಿ ಕಲಬೆರಕೆಯನ್ನು ತಡೆಯುವ ಮೊದಲ ಸಾಮಾನ್ಯ ಕಾಯಿದೆಯೂ, ೧೮೭೫ರಲ್ಲಿ ಅದಕ್ಕಿಂತ ಬಲವಾದ ಮತ್ತೊಂದು ಕಾಯಿದೆಯೂ ಬಂದವು. ಕೊಳ್ಳುವವನು ಕೇಳಿದ ಸ್ವರೂಪ ಮತ್ತು ಗುಣಗಳಿಗೆ ಹೊಂದದ ಪದಾರ್ಥವನ್ನು ಮಾರುವುದು ಅಪರಾಧವೆಂದು ಈ ಎರಡನೆಯದು ಸಾರಿತು.

ಈ ಕಾಯಿದೆಗಳ ಉಪಕಾರ ದೊಡ್ಡದು. ಆದರೆ ಅವುಗಳೆಲ್ಲದರ ಹಿಂದೆ ಒಂದು ಭಾವನೆಯಿತ್ತೆಂಬುದನ್ನು ನಾವು ಗಮನಿಸಬೇಕು: ವಿಷವಾದುದು ಎಲ್ಲರಿಗೂ ವಿಷ, ಶುದ್ಧವಾದುದು ಎಲ್ಲರಿಗೂ ಶುದ್ಧ. ಪಾಷಾಣ ಬೆರೆತ ಮಿಠಾಯಿಯಿಂದ ಜನರನ್ನು ಕಾಪಾಡುವ ಬಗೆಯನ್ನು ಈ ಶಾಸನ ಬಲ್ಲುದು. ಅಪ್ಪಟ ಎಳ್ಳೇ ಒಬ್ಬನಿಗೆ ಪಾಷಾಣವಾಗುವುದಾದರೆ ಅವನನ್ನು ಕಾಪಾಡುವ ಬಗೆಯನ್ನು ಅದು ಅರಿಯದು.

೨. ವೈದ್ಯಶಾಸ್ತ್ರದ ಹೊಸ ಅರಿವು

ಒಬ್ಬನಿಗೆ ಹಿತವಾದ ಆಹಾರ ಇನ್ನೊಬ್ಬನಿಗೆ ಅಹಿತವಾಗಬಹುದೆಂಬುದು ಪ್ರಾಚೀನರಿಗೆ ತಿಳಿಯದ ಸಂಗತಿಯಲ್ಲ. ಗಿಣ್ಣು ಕೆಲವರಿಗೆ ಒಗ್ಗಿ ಕೆಲವರಿಗೆ ಒಗ್ಗದಿರುವುದನ್ನು ಹಿಪೊಕ್ರಟೀಸನ ಹೆಸರಿನ ಗ್ರೀಕ್ ವೈದ್ಯಗ್ರಂಥಗಳು ಚರ್ಚಿಸಿವೆ. ನಮ್ಮ ಆಯುರ್ವೇದದಲ್ಲಿ ಸಾತ್ಮ್ಯ ಮತ್ತು ಅಸಾತ್ಮ್ಯಗಳ ವಿವೇಚನೆಯಿದೆ. ಆದರೆ ಇವನ್ನು ಇಂದಿನ ಅಲರ್ಜಿಯೊಡನೆ ಸಮೀಕರಿಸುವುದು ಇತಿಹಾಸದ ವಿದ್ಯಾರ್ಥಿಗೆ ತಕ್ಕುದಲ್ಲ. ಅಲರ್ಜಿಯ ಅರಿವು ೨೦ನೆಯ ಶತಮಾನದ್ದು. ೧೯೦೨ರಲ್ಲಿ ಫ್ರಾನ್ಸಿನ ಪೋರ್ಟಿಯೆ ಮತ್ತು ರಿಷೆ, ಮೊದಲ ಸಲ ತಾಳಿಕೊಂಡ ವಸ್ತುವಿನ ಅಲ್ಪ ಪ್ರಮಾಣವೇ ಎರಡನೆಯ ಸಲ ಪ್ರಾಣಿಯನ್ನು ಕೊಲ್ಲಬಹುದೆಂದು ತೋರಿಸಿದರು. ಇದರ ಸಂಶೋಧನೆಗಾಗಿ ರಿಷೆಗೆ ೧೯೧೩ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 'ಅಲರ್ಜಿ' ಎಂಬ ಶಬ್ದವನ್ನು ೧೯೦೬ರಲ್ಲಿ ವಿಯೆನ್ನಾದ ವೈದ್ಯ ಫಾನ್ ಪಿರ್ಕೆ ರಚಿಸಿದನು.

೧೯೨೧ರಲ್ಲಿ ಪ್ರಕಟವಾದ ಒಂದು ಪ್ರಯೋಗ ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ಕ್ಯೂಸ್ಟ್ನರ್ ಎಂಬ ವೈದ್ಯನಿಗೆ ಬೇಯಿಸಿದ ಮೀನು ಒಗ್ಗುತ್ತಿರಲಿಲ್ಲ. ಅವನ ಸಹೋದ್ಯೋಗಿ ಪ್ರೌಸ್‌ನಿಟ್ಸ್ ಅವನ ರಕ್ತದ ಸೀರಮ್ಮನ್ನು ತನ್ನ ಚರ್ಮದೊಳಕ್ಕೆ ಚುಚ್ಚಿಸಿಕೊಂಡು, ಬಳಿಕ ಅದೇ ಸ್ಥಳಕ್ಕೆ ಮೀನಿನ ಸಾರವನ್ನು ಚುಚ್ಚಿಸಿಕೊಂಡಾಗ, ಅಲ್ಲಿ ಗಂಧೆ ಎದ್ದಿತು. ರೋಗಿಯ ರಕ್ತದಲ್ಲಿಯೇ ಈ ದೋಷವನ್ನು ಹೊತ್ತ ದ್ರವ್ಯವೊಂದಿದೆಯೆಂದು ಇದರಿಂದ ಸಿದ್ಧವಾಯಿತು. ೧೯೬೦ರ ದಶಕದ ಉತ್ತರಾರ್ಧದಲ್ಲಿ ಇಶಿಝಾಕಾ ದಂಪತಿಗಳೂ, ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಕ್ ಎಂಬವರೂ ಬೇರೆ ಬೇರೆಯಾಗಿ ಆ ದ್ರವ್ಯವನ್ನು ಗುರುತಿಸಿದರು. ಅದಕ್ಕೆ ಇಮ್ಯುನೊಗ್ಲಾಬ್ಯುಲಿನ್-ಇ ಎಂದು ಹೆಸರು. ಊಟದ ವಿಷಯದಲ್ಲಿ 'ಅದು ನನಗಾಗದು' ಎಂಬವನ ಮಾತು ಕೇವಲ ಚಾಪಲ್ಯವೆಂದು ತಳ್ಳಿಹಾಕಲು ಇನ್ನು ಅವಕಾಶವಿರಲಿಲ್ಲ.

೩. ಪೊಟ್ಟಣದಿಂದ ಭೋಜನಾಲಯಕ್ಕೆ

ಶಾಸ್ತ್ರದ ಈ ಅರಿವು ಕಾಯಿದೆಗೆ ಇಳಿಯಲು ದಶಕಗಳೇ ಹಿಡಿದವು. ಪೊಟ್ಟಣದ ಮೇಲೆ ಘಟಕಗಳನ್ನು ಅಚ್ಚುಹಾಕಬೇಕೆಂದು ಯೂರೋಪಿನ ಸಮುದಾಯ ೧೯೭೯ರಲ್ಲಿ ವಿಧಿಸಿತು. ಆದರೆ ಹಲವು ವಸ್ತುಗಳಿಂದ ಕೂಡಿದ ಘಟಕವೊಂದು ಇಡೀ ಆಹಾರದ ನಾಲ್ಕರಲ್ಲೊಂದು ಪಾಲಿಗಿಂತ ಕಡಮೆಯಿದ್ದರೆ, ಅದರೊಳಗಿನ ವಸ್ತುಗಳನ್ನು ಬಿಡಿಬಿಡಿಯಾಗಿ ಹೇಳಬೇಕಾಗಿರಲಿಲ್ಲ. ರುಚಿಗೆ ಇದು ಅಲ್ಪಾಂಶವಿರಬಹುದು; ಅಲರ್ಜಿಯಿದ್ದವನಿಗೆ ಇದೇ ಸಾಕು. ೨೦೦೩ರಲ್ಲಿ ಹೊರಟು ೨೦೦೫ರ ನವೆಂಬರಿನಿಂದ ನಡೆದ ನಿರ್ದೇಶನವು ಈ ವಿನಾಯಿತಿಯನ್ನು ಅಲರ್ಜಿಕಾರಕಗಳ ಮಟ್ಟಿಗೆ ಕಿತ್ತುಹಾಕಿ, ೧೨ ವಸ್ತುಗಳ ಪಟ್ಟಿಯೊಂದನ್ನು ಕೊಟ್ಟಿತು. ಬಳಿಕ ಎರಡು ಸೇರಿ ಪಟ್ಟಿ ೧೪ ಆಯಿತು: ಗೋಧಿ ಮೊದಲಾದ ಗ್ಲೂಟೆನ್ನುಳ್ಳ ಧಾನ್ಯ, ಸಿಗಡಿ ಏಡಿಗಳು, ಕಪ್ಪೆಚಿಪ್ಪಿನ ವರ್ಗ, ಮೊಟ್ಟೆ, ಮೀನು, ಕಡಲೆಕಾಯಿ, ಸೋಯಾ, ಹಾಲು, ಬಾದಾಮಿ ಗೋಡಂಬಿ ಮುಂತಾದ ಬೀಜಗಳು, ಸೆಲರಿ, ಸಾಸಿವೆ, ಎಳ್ಳು, ಲೂಪಿನ್ ಮತ್ತು ಸಲ್ಫೈಟುಗಳು.

ಇಷ್ಟಾದರೂ ಇದು ಪೊಟ್ಟಣದ ಕಾಯಿದೆಯೇ ಆಗಿತ್ತು. ಭೋಜನಾಲಯವನ್ನು ಈ ಹೊಣೆಗೆ ಒಳಪಡಿಸಿದ್ದು ೨೦೧೧ರ ಯೂರೋಪಿನ ನಿಯಮ. ಅದು ೨೦೧೪ರ ಡಿಸೆಂಬರ್ ೧೩ರಿಂದ ಜಾರಿಗೆ ಬಂದಿತು. ಆದರೆ ಹೇಗೆ ತಿಳಿಸಬೇಕೆಂಬುದನ್ನು ನಿರ್ಣಯಿಸಲು ಸದಸ್ಯರಾಷ್ಟ್ರಗಳಿಗೆ ಸ್ವಾತಂತ್ರ್ಯವಿತ್ತು. ಆಗ ಒಕ್ಕೂಟದಲ್ಲಿದ್ದ ಬ್ರಿಟನ್ ಬಾಯಿಮಾತಿನಿಂದ ತಿಳಿಸಿದರೂ ಸಾಕೆಂದು ಒಪ್ಪಿತು. ಅಂಗಡಿಯಲ್ಲಿಯೇ ತಯಾರಿಸಿ ಅಲ್ಲಿಯೇ ಸುತ್ತಿ ಮಾರುವ ತಿಂಡಿಗಳೂ ಇದೇ ವರ್ಗಕ್ಕೆ ಸೇರಿದವು.

೪. ಮೂರು ಮರಣಗಳು

ಈ ವ್ಯವಸ್ಥೆಯ ಕೊರತೆಗಳನ್ನು ತೋರಿಸಿದ ಮೂರು ಪ್ರಕರಣಗಳನ್ನು ಇಲ್ಲಿ ನೋಡಬಹುದು. ಮೊದಲನೆಯದು ೨೦೧೪ರ ಜನವರಿಯದು, ಎಂದರೆ ಮೇಲಿನ ನಿಯಮ ಜಾರಿಗೆ ಬರುವ ಮುಂಚಿನದು. ಉತ್ತರ ಯಾರ್ಕ್‌ಷೈರಿನ ಭಾರತೀಯ ಶೈಲಿಯ ಭೋಜನಾಲಯದಿಂದ ಒಬ್ಬ ಗ್ರಾಹಕ ಊಟ ತರಿಸಿದನು. ತನಗೆ ಬೀಜಗಳು ಆಗವೆಂದು ಹೇಳಿಯೇ ತರಿಸಿದ್ದನು. ಬೀಜವಿಲ್ಲವೆಂದು ಊಟದ ಮುಚ್ಚಳದ ಮೇಲೆ ಬರೆದೂ ಇತ್ತು. ಆದರೆ ಮಾಲೀಕನು ಬಾದಾಮಿ ಪುಡಿಗೆ ಬದಲಾಗಿ ಕಡಲೆಕಾಯಿ ಸೇರಿದ ಅಗ್ಗದ ಪುಡಿಯನ್ನು ಬಳಸತೊಡಗಿದ್ದನು. ಗ್ರಾಹಕನು ಸತ್ತನು. ಘೋರ ಅಲಕ್ಷ್ಯದಿಂದಾದ ನರಹತ್ಯೆಯ ಅಪರಾಧಕ್ಕಾಗಿ ಮಾಲೀಕನಿಗೆ ೨೦೧೬ರ ಮೇ ತಿಂಗಳಲ್ಲಿ ಆರು ವರ್ಷಗಳ ಸೆರೆವಾಸ ವಿಧಿಸಲಾಯಿತು. ಇಲ್ಲಿ ಗ್ರಾಹಕನು ಕೇಳಿದ್ದನು, ಉತ್ತರವೂ ಬರಹದಲ್ಲಿತ್ತು. ಉಗ್ರಾಣದ ಚೀಲ ಬದಲಾದುದರಿಂದ ಬರಹ ಸುಳ್ಳಾಯಿತು.

ಎರಡನೆಯದು ೨೦೧೬ರ ಜುಲೈ ೧೭ರದು. ನತಾಶಾ ಎಡ್ನನ್-ಲಪರೂಜ್ ಎಂಬ ೧೫ ವರ್ಷದ ಬಾಲಕಿ ಲಂಡನ್ನಿನ ಹೀತ್ರೋ ವಿಮಾನನಿಲ್ದಾಣದಲ್ಲಿ ಸುತ್ತಿಟ್ಟ ರೊಟ್ಟಿಯ ತಿಂಡಿಯೊಂದನ್ನು ಕೊಂಡಳು. ಹಿಟ್ಟಿನೊಳಗೇ ಎಳ್ಳು ಬೆರೆತಿದ್ದುದರಿಂದ ಅದು ಕಣ್ಣಿಗೆ ಕಾಣುವಂತಿರಲಿಲ್ಲ. ಸುತ್ತಿದ ಕಾಗದದ ಮೇಲೆ ಎಳ್ಳಿನ ಹೆಸರಿರಲಿಲ್ಲ. ನೀಸ್ ನಗರಕ್ಕೆ ಹೋಗುವ ವಿಮಾನದಲ್ಲಿ ಆಕೆ ಅಸ್ವಸ್ಥಳಾದಳು. ತಂದೆ ಅಡ್ರಿನಲಿನ್ ಚುಚ್ಚುಮದ್ದನ್ನು ಎರಡು ಸಲ ಕೊಟ್ಟರೂ ಆಕೆ ಉಳಿಯಲಿಲ್ಲ. ಅಂಗಡಿಯಲ್ಲಿಯೇ ತಯಾರಾದ ತಿಂಡಿಯ ಮೇಲೆ ಹೀಗೆ ಬರೆಯದಿರಲು ಅಂದಿನ ನಿಯಮದಲ್ಲಿ ಅವಕಾಶವಿತ್ತು ಎಂಬುದು ಈ ಪ್ರಕರಣದ ದಾರುಣವಾದ ಅಂಶ. ೨೦೧೮ರಲ್ಲಿ ಮರಣವಿಚಾರಣೆ ನಡೆಯಿತು. ತಾಯಿತಂದೆಗಳು ಬಿಡದೆ ಪ್ರಯತ್ನಿಸಿದರು. ಅಂಥ ತಿಂಡಿಗಳ ಮೇಲೂ ಎಲ್ಲ ಘಟಕಗಳನ್ನು ಬರೆದು, ಅಲರ್ಜಿಕಾರಕಗಳನ್ನು ಎದ್ದುಕಾಣುವಂತೆ ತೋರಿಸಬೇಕೆಂಬ ನಿಯಮ ೨೦೧೯ರಲ್ಲಿ ರಚಿತವಾಗಿ, ೨೦೨೧ರ ಅಕ್ಟೋಬರ್ ೧ರಿಂದ ಜಾರಿಗೆ ಬಂದಿತು. ಜನರು ಅದನ್ನು ನತಾಶಾಳ ಕಾಯಿದೆಯೆಂದೇ ಕರೆಯುತ್ತಾರೆ.

ಮೂರನೆಯದು ೨೦೧೭ರ ಏಪ್ರಿಲಿನದು. ಹಾಲಿನ ಪದಾರ್ಥಗಳು ಒಗ್ಗದ ಯುವಕನೊಬ್ಬ ತನ್ನ ೧೮ನೆಯ ಹುಟ್ಟುಹಬ್ಬದ ದಿನ ಲಂಡನ್ನಿನ ಭೋಜನಾಲಯವೊಂದರಲ್ಲಿ ಕೋಳಿಮಾಂಸದ ತಿನಿಸನ್ನು ತಿಂದನು. ತನ್ನ ಅಲರ್ಜಿಯನ್ನು ಅಲ್ಲಿಯ ಸಿಬ್ಬಂದಿಗೆ ತಿಳಿಸಿಯೂ ಇದ್ದನು. ಆ ಮಾಂಸವನ್ನು ಮಜ್ಜಿಗೆಯಲ್ಲಿ ನೆನೆಹಾಕಿತ್ತು. ಅದನ್ನು ಅವನಿಗೆ ಯಾರೂ ಹೇಳಲಿಲ್ಲ. ಅವನು ಅಂದೇ ಮೃತನಾದನು. ಅಡುಗೆಮನೆಗೂ ಮೇಜಿಗೂ ನಡುವೆ ಬಾಯಿಮಾತು ಎಷ್ಟು ದುರ್ಬಲವಾದ ಸೇತುವೆಯೆಂಬುದನ್ನು ಇದು ತೋರಿಸಿತು. ಭೋಜನಾಲಯಗಳಲ್ಲಿಯೂ ಬರಹ ಕಡ್ಡಾಯವಾಗಬೇಕೆಂದು ಬ್ರಿಟನ್ನಿನ ಆಹಾರಮಾನಕ ಸಂಸ್ಥೆಯ ಮಂಡಲಿ ೨೦೨೩ರಲ್ಲಿ ಅಭಿಪ್ರಾಯಪಟ್ಟಿತು. ೨೦೨೫ರ ಮಾರ್ಚಿಯಲ್ಲಿ ಸಂಸ್ಥೆ ಪ್ರಕಟಿಸಿದ ಮಾರ್ಗದರ್ಶನವು ಬರಹ ಮತ್ತು ಮಾತು ಎರಡೂ ಇರಬೇಕೆಂದು ಸಲಹೆ ಮಾಡಿತು. ಅದು ಸಲಹೆಯಾಗಿ ಹೊರಟಿತೇ ಹೊರತು ಶಾಸನವಾಗಿ ಅಲ್ಲ.

೫. ನಮ್ಮ ದೇಶದ ಸ್ಥಿತಿ

ಭಾರತದಲ್ಲಿ ೨೦೨೦ರಲ್ಲಿ ಹೊರಟ ನಿಯಮಗಳು, ಕೇಂದ್ರದ ಪರವಾನಗಿ ಪಡೆದ ಅಥವಾ ಹತ್ತು ಮತ್ತು ಹೆಚ್ಚು ಸ್ಥಳಗಳಲ್ಲಿ ಮಳಿಗೆಗಳುಳ್ಳ ಭೋಜನಸಂಸ್ಥೆಗಳು ಅಲರ್ಜಿಕಾರಕಗಳನ್ನು ತಿಳಿಸಬೇಕೆಂದು ವಿಧಿಸಿದವು. ನಮ್ಮ ಊರುಗಳ ಸಾಮಾನ್ಯ ಹೋಟೆಲು, ಖಾನಾವಳಿ, ವಿದ್ಯಾರ್ಥಿನಿಲಯ, ಮದುವೆಯ ಪಂಕ್ತಿಗಳು ಈ ಹೊಣೆಯಿಂದ ಹೊರಗೆ ಉಳಿದವು. ಅಂದಿನ ಪಟ್ಟಿಯಲ್ಲಿ ಎಳ್ಳು ಮತ್ತು ಸಾಸಿವೆಗಳ ಹೆಸರಿಲ್ಲವೆಂಬುದೂ ಗಮನಾರ್ಹ. ನಮ್ಮ ಒಗ್ಗರಣೆಯಲ್ಲಿ ಸಾಸಿವೆಯಿಲ್ಲದ ದಿನವಿಲ್ಲ.

ನಮ್ಮ ಹೋಟೆಲುಗಳ ಸಂಪ್ರದಾಯ ಬಾಯಿಮಾತಿನದು. ಮಾಣಿ ಬಂದು ತಿಂಡಿಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಹೆಸರು ತಿಳಿಯುತ್ತದೆ, ಒಳಗಿನದು ತಿಳಿಯುವುದಿಲ್ಲ. ತೆಂಗಿನಕಾಯಿ ಚಟ್ನಿಗೆ ಹುರಿಗಡಲೆಯನ್ನೋ ಕಡಲೆಕಾಯಿ ಬೀಜವನ್ನೋ ಸೇರಿಸುವುದುಂಟು. ಅಂಗಡಿಯ ಇಂಗಿನಲ್ಲಿ ಅನೇಕವೇಳೆ ಗೋಧಿಹಿಟ್ಟು ಇರುತ್ತದೆ. ಒಂದೇ ಬಾಣಲೆಯ ಎಣ್ಣೆಯಲ್ಲಿ ಹತ್ತು ಬಗೆಯ ತಿಂಡಿಗಳು ಕರಿಯಲ್ಪಡುತ್ತವೆ. ಇವು ಯಾವುವೂ ಕಲಬೆರಕೆಯಲ್ಲ, ಅಪರಾಧವೂ ಅಲ್ಲ. ಆದರೆ ಒಗ್ಗದವನಿಗೆ ಇವು ತಿಳಿದಿರಲೇಬೇಕು.

೬. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಹೊಣೆಯು ಕೇಳುವವನಿಂದ ತಿಳಿಸುವವನ ಕಡೆಗೆ ಕ್ರಮೇಣ ಸರಿದಿದೆ. ಇದು ಕೇವಲ ಮರಣಗಳ ಫಲವಲ್ಲ. ೨೦೦೫ರ ಮತ್ತು ೨೦೧೪ರ ವಿಧಿಗಳು ಶಾಸ್ತ್ರಜ್ಞಾನದಿಂದಲೂ ಬಂದವು. ಆದರೆ ಅವು ಉಳಿಸಿದ ವಿನಾಯಿತಿಯ ಬೆಲೆಯನ್ನು ತೆತ್ತವಳು ಒಬ್ಬ ಬಾಲಕಿ. ಎರಡನೆಯದಾಗಿ, ಬರಹವೊಂದೇ ಸಾಲದು. ಯಾರ್ಕ್‌ಷೈರಿನ ಮುಚ್ಚಳದ ಮೇಲೆ ಬರಹವಿತ್ತು. ಅದು ಅಡುಗೆಮನೆಯ ಸತ್ಯವನ್ನು ಹೇಳುತ್ತಿರಲಿಲ್ಲ.

ಆದುದರಿಂದ ಒಗ್ಗದಿಕೆಯುಳ್ಳವನು ಇಂದಿಗೂ ಕೇಳಲೇಬೇಕು: ವಸ್ತುವಿನ ಹೆಸರನ್ನೇ ಹಿಡಿದು, ಹಿಂದೆ ತಿಂದ ತಿಂಡಿಯಾದರೂ ಮತ್ತೊಮ್ಮೆ ಕೇಳಬೇಕು, ವೈದ್ಯರು ಅಡ್ರಿನಲಿನ್ ಚುಚ್ಚುಮದ್ದನ್ನು ವಿಧಿಸಿದ್ದರೆ ಅದನ್ನು ಜೊತೆಯಲ್ಲಿಯೇ ಇಟ್ಟುಕೊಳ್ಳಬೇಕು. ಉತ್ತರಿಸುವವನು ತಿಳಿಯದಿದ್ದರೆ 'ಏನೂ ಆಗದು, ತಿನ್ನಿ' ಎನ್ನದೆ, ತಿಳಿಯದೆಂದೇ ಹೇಳಿ ಅಡುಗೆಯವರನ್ನು ಕೇಳಿಬರಬೇಕು. ನಮ್ಮ ಕಾಲೇಜುಗಳ ವಿದ್ಯಾರ್ಥಿನಿಲಯಗಳಲ್ಲಿ ಅಂದಂದಿನ ಅಡುಗೆಗೆ ಬಳಸಿದ ವಸ್ತುಗಳನ್ನು ಹಲಗೆಯ ಮೇಲೆ ಬರೆದಿಡುವುದಕ್ಕೆ ಯಾವ ಶಾಸನವೂ ಬೇಕಾಗಿಲ್ಲ. ಒಂದು ಬಳಪವೂ, ಪ್ರತಿದಿನ ಅಡುಗೆಮನೆಗೆ ಹೋಗಿ ವಿಚಾರಿಸುವ ಒಬ್ಬ ಮನುಷ್ಯನೂ ಇದ್ದರೆ ಸಾಕು.